ವಾಪಸ್ ಕೊಟ್ಟ ಕೋಳಿ

ಚಿಂಬೆಟೆ ಹಳ್ಳಿ, ಮಲಾವಿ
2 ಮಾರ್ಚ್ 2025, ಭಾನುವಾರ

ಚಿ. ಸೌ. ಚೈತನ್ಯಾಳಿಗೆ ಅಮ್ಮನ ಆಶೀರ್ವಾದಗಳು.

ಪತ್ರ ತಡವಾಯಿತು, ಬೈಯಬೇಡ. ಇಲ್ಲಿ ಫೋನಿಗೆ ಸಿಗ್ನಲ್ ಬೇಕಾದರೆ ಶಾಲೆಯ ಹಿಂದಿನ ಗುಡ್ಡ ಹತ್ತಬೇಕು, ನನ್ನ ಮಂಡಿ ಅದಕ್ಕೆ ಒಪ್ಪುವುದಿಲ್ಲ. ನನ್ನನ್ನು ಇಲ್ಲಿಗೆ ಪಾಠ ಹೇಳಲು ಕರೆತಂದ ಸಂಸ್ಥೆಯ ಬೋರ್‌ವೆಲ್ ಪಂಪುಗಳನ್ನು ನೋಡಿಕೊಳ್ಳುವ ಮಧುಕುಮಾರ್ ನಂದಿನಿ ಲೇಔಟಿನವರು. ಗುರುವಾರ ರಜೆಯ ಮೇಲೆ ಊರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಮನೆಗೆ ಬಂದಾಗ ಫಿಲ್ಟರ್ ಕಾಫಿ ಕೊಡದೆ ಕಳಿಸಬೇಡ. ಪಾಪ, ಇಲ್ಲಿ ಅವರಿಗೆ ಅದರದೇ ಕನವರಿಕೆ.

ನಾನು ಚೆನ್ನಾಗಿದ್ದೇನೆ. ನಿನ್ನ ಸಮಾಧಾನಕ್ಕೆ ಹೇಳುವ ಮಾತಲ್ಲ ಇದು. ಬೆಳಿಗ್ಗೆ ಐದಕ್ಕೆ ಎದ್ದು ನೀರು ತಂದು, ಸ್ನಾನ, ಲಿಂಗಪೂಜೆ ಮುಗಿಸುವಷ್ಟರಲ್ಲಿ ಮಕ್ಕಳು ಶಾಲೆಯ ಅಂಗಳ ಗುಡಿಸುತ್ತಿರುತ್ತಾರೆ. ಎಂಟನೇ ತರಗತಿಯೊಂದರಲ್ಲೇ ತೊಂಬತ್ತನಾಲ್ಕು ಮಕ್ಕಳು. ಬಸವೇಶ್ವರನಗರದ ಶಾಲೆಯಲ್ಲಿ ನಲವತ್ತಕ್ಕೇ ಗೊಣಗುತ್ತಿದ್ದವಳು ನಾನು! ಸೀಮೆಸುಣ್ಣ ಮುಗಿದರೆ ಒಣಗಿದ ಮರಗೆಣಸಿನ ತುಂಡಿನಲ್ಲಿ ಬರೆಯುತ್ತೇನೆ. ಮೆಕ್ಕೆಜೋಳದ ತೆನೆ ಮುರಿದು ಭಿನ್ನರಾಶಿ ಕಲಿಸುತ್ತೇನೆ, ಪಾಠ ಮುಗಿಯುವಷ್ಟರಲ್ಲಿ ಉದಾಹರಣೆಯನ್ನು ಯಾರೋ ತಿಂದು ಮುಗಿಸಿರುತ್ತಾರೆ. ಊಟಕ್ಕೆ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ, ಜೊತೆಗೆ ಸೊಪ್ಪು. ಬಿ.ಪಿ. ಕೂಡ ಇಳಿದಿದೆ.

ಕಳೆದ ತಿಂಗಳು ಮಾತ್ರ ಒಂದು ಎಡವಟ್ಟು ಮಾಡಿಕೊಂಡೆ. ಚಿಕೊಂಡಿ ಅಂತ ಒಬ್ಬ ಹುಡುಗಿ, ಅಜ್ಜಿಯ ಜೊತೆ ಇರುತ್ತಾಳೆ. ಬುದ್ಧಿವಂತೆ, ಆದರೆ ಲೆಕ್ಕ ಎಂದರೆ ನಡುಕ. ಮೇ ತಿಂಗಳ ಪರೀಕ್ಷೆ ಪಾಸಾದರೆ ಹೈಸ್ಕೂಲು, ಇಲ್ಲದಿದ್ದರೆ ಹೊಲ, ಮದುವೆ. ದಿನಾ ಸಂಜೆ ಕೂರಿಸಿಕೊಂಡು ಹೇಳಿಕೊಟ್ಟೆ. ಕಿರುಪರೀಕ್ಷೆಯಲ್ಲಿ ಎಪ್ಪತ್ತೊಂದು ತೆಗೆದಳು. ಮರುದಿನವೇ ಆ ಅಜ್ಜಿ ಎರಡು ಮೈಲಿ ನಡೆದು ಬಂದು, ನನ್ನೆದುರು ಮಂಡಿಯೂರಿ, ಕಾಲು ಕಟ್ಟಿದ ಜೀವಂತ ಕೋಳಿಯೊಂದನ್ನು ಎರಡೂ ಕೈಯಲ್ಲಿ ಚಾಚಿದರು.

ನನಗೆ ಗಾಬರಿ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ಕೋಳಿ ಹಿಡಿಯುವುದು ಹೇಗೆ? ನಾನು ಮಾಂಸ ತಿನ್ನುವುದಿಲ್ಲ ಎಂದು ಚಿಕೊಂಡಿಯಿಂದಲೇ ಹೇಳಿಸಿ, ನಗುತ್ತಾ ಹಿಂದಕ್ಕೆ ಕೊಟ್ಟೆ. ಬಡವರ ಮನೆಯ ಕೋಳಿ ಬಡವರಿಗೇ ಉಳಿಯಿತು ಎಂದು ಒಳಗೊಳಗೇ ಬೀಗಿದೆ ಕೂಡ. ಮರುದಿನ ಚಿಕೊಂಡಿ ಶಾಲೆಗೆ ಬರಲಿಲ್ಲ. ಒಂದು ವಾರ ಬರಲಿಲ್ಲ. ಜ್ವರವಿರಬೇಕು ಎಂದುಕೊಂಡೆ.

ಮಧುಕುಮಾರ್ ಕೇಳಿ ತಲೆ ಚಚ್ಚಿಕೊಂಡರು. "ಆಂಟಿ, ಕೋಳಿ ವಾಪಸ್ ಕೊಟ್ರಾ? ಇವ್ರಲ್ಲಿ ಹಂಗೆ ಕೊಟ್ರೆ ನಿಮ್ ಸಹವಾಸ ಬೇಡ ಅಂತ ಅರ್ಥ. ಟೀಚರ್‌ಗೆ ನಮ್ ಹುಡುಗಿ ಬೇಡ್ವಂತೆ ಅಂತ ಅಜ್ಜಿ ಊರೆಲ್ಲಾ ಹೇಳ್ಕೊಂಡು ಓಡಾಡ್ತಾ ಇದಾರೆ."

"ನಾನು ತಿನ್ನಲ್ವಲ್ಲಪ್ಪ," ಎಂದೆ.

"ತಿನ್ನಿ ಅಂತ ಯಾರು ಹೇಳಿದ್ರು? ಇಸ್ಕೊಳ್ಳಿ, ಅಷ್ಟೇ."

ಮೂವತ್ತಮೂರು ವರ್ಷ ಮೇಷ್ಟರಿಕೆ ಮಾಡಿದವಳಿಗೆ ಪಂಪು ರಿಪೇರಿಯವರು ಪಾಠ ಹೇಳಬೇಕಾಯಿತು. ಆ ಭಾನುವಾರ ಕೋಲೂರಿಕೊಂಡು ಅಜ್ಜಿಯ ಮನೆಗೆ ಹೋದೆ. ಇಲ್ಲಿ ಬಾಗಿಲು ತಟ್ಟುವುದಿಲ್ಲ, ಅಂಗಳದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಾರೆ. ತಟ್ಟಿದೆ. ಅಜ್ಜಿ ಚಾಪೆ ಹಾಸಿದರು, ಮುಖ ಮಾತ್ರ ಬಿಗಿದೇ ಇತ್ತು. ತಪ್ಪಾಯಿತು ಎಂದೆ. ಅವರು ಹೇಳಿದ್ದನ್ನು ಚಿಕೊಂಡಿ ತಲೆ ತಗ್ಗಿಸಿಕೊಂಡು ಇಂಗ್ಲಿಷಿನಲ್ಲಿ ಹೇಳಿದಳು: "ನಮ್ಮ ಮನೆಯದು ಅಂತ ಬೇಡವಾಯಿತೇ?" ಅಲ್ಲವೇ ಅಲ್ಲ ಎಂದೆ. ಆಗ ಅಜ್ಜಿ ಒಳಗಿನಿಂದ ಮುದ್ದೆ, ಕುಂಬಳದ ಸೊಪ್ಪಿನ ಪಲ್ಯ ತಂದು ನನ್ನ ಮುಂದಿಟ್ಟು, ಕೈ ಕಟ್ಟಿ ಕೂತರು. ಆ ಮಡಕೆಯಲ್ಲಿ ಹಿಂದಿನ ದಿನ ಮೀನು ಬೆಂದಿತ್ತೋ ಏನೋ, ನಾನು ಕೇಳಲಿಲ್ಲ. ಎರಡು ಸಲ ಹಾಕಿಸಿಕೊಂಡೆ. ಮೊಟ್ಟೆಯನ್ನೂ ತಿನ್ನದವಳು ಇಷ್ಟು ದಪ್ಪಗಾದದ್ದು ಹೇಗೆ ಎಂದು ಅಜ್ಜಿ ಕೇಳಿದಾಗ ಎಲ್ಲರೂ ನಕ್ಕೆವು.

ಕೋಳಿಯನ್ನು ನಾನೇ ಎತ್ತಿಕೊಂಡು ಬಂದೆ, ದಾರಿಯುದ್ದಕ್ಕೂ ಸೆರಗಿನಲ್ಲಿ ಒದ್ದಾಡಿತು. ಈಗ ನನ್ನ ಮಂಚದ ಕೆಳಗೆ ಅದರ ಸಂಸಾರ, ಮೊಟ್ಟೆಯೆಲ್ಲ ಮಕ್ಕಳಿಗೆ. ಚಿಕೊಂಡಿ ದಿನಾ ಬರುತ್ತಾಳೆ, ಛೇದವನ್ನು ಛೇದಕ್ಕೇ ಕೂಡಿಸುವ ತಪ್ಪನ್ನು ಇನ್ನೂ ಬಿಟ್ಟಿಲ್ಲ. ಮೇ ಹೊತ್ತಿಗೆ ಬಿಡಿಸುತ್ತೇನೆ.

ಸುಬ್ರಮಣಿಗೆ ಅತ್ತೆ ಕೇಳಿದರೆಂದು ಹೇಳು. ಇಬ್ಬರೂ ಹೊತ್ತಿಗೆ ಸರಿಯಾಗಿ ಉಂಡು, ಜಗಳವಾಡಿದರೂ ಮಲಗುವ ಮುನ್ನ ಮುಗಿಸಿಕೊಂಡು, ನೂರು ಕಾಲ ಸುಖವಾಗಿರಿ.

ನಿನ್ನ ಅಮ್ಮ,
ಬಸವರಾಜೇಶ್ವರಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ನಿನ್ನ ಅತ್ತೆ ಮುನಿತಾಯಮ್ಮನವರು ಆರು ವರ್ಷದಿಂದ ನಮ್ಮ ಮನೆಗೆ ಯಾಕೆ ಬರುವುದಿಲ್ಲ ಎಂದು ನೀನು ಕೇಳಿದಾಗಲೆಲ್ಲ, ಗಾರ್ಮೆಂಟ್ಸಿನವರಿಗೆ ಬಿಡುವೆಲ್ಲಿ ಎನ್ನುತ್ತಿದ್ದೆ. ಸುಳ್ಳು. ಅವರು ಬಂದಿದ್ದರು. ನಿಮ್ಮ ರಿಜಿಸ್ಟರ್ ಮದುವೆಯಾದ ಮರು ಭಾನುವಾರ, ಕಾಮಾಕ್ಷಿಪಾಳ್ಯದಿಂದ ಬಿಸಿಲಲ್ಲಿ ನಡೆದು, ಕೈಯಲ್ಲಿ ಸ್ಟೀಲ್ ಕ್ಯಾರಿಯರ್ ಹಿಡಿದುಕೊಂಡು. "ಹೊಸಾ ಪಾತ್ರೆ ತಂದು ಮಾಡಿದೀನಿ ಮೇಡಮ್, ಬೇರೆ ಯಾವ್ದಕ್ಕೂ ಬಳಸಿಲ್ಲ," ಎಂದರು. ನಮ್ಮಲ್ಲಿ ನಡೆಯುವುದಿಲ್ಲ ಎಂದು ಗೇಟಿನಿಂದಲೇ ಕಳಿಸಿದೆ. ನಿನಗೆ ನಾನೂ ಹೇಳಲಿಲ್ಲ, ಅವರೂ ಹೇಳಲಿಲ್ಲ. ಅವರು ಹೇಳದೆ ಉಳಿದದ್ದು ನನ್ನ ಮಾನ ಕಾಯಲು ಎಂದು ಈಗ ಅನ್ನಿಸುತ್ತದೆ, ನಾಚಿಕೆಯಾಗುತ್ತದೆ. ಕ್ಷಮೆಯನ್ನು ನಾನೇ ಬಂದು ಕೇಳುತ್ತೇನೆ. ಆ ಕ್ಯಾರಿಯರಿನ ಮುಚ್ಚಳ ತೆಗೆದೂ ನೋಡಲಿಲ್ಲ, ಚೈತನ್ಯಾ. ನೀನು ಇಷ್ಟು ಮಾತ್ರ ಅವರನ್ನು ಕೇಳಿ ಬರೆ: ಆ ದಿನ ಏನು ಮಾಡಿಕೊಂಡು ತಂದಿದ್ದರು?