ಆಯುಕ್ತರು ಗಾಜಿನಾಚೆ ಕಂಡ ನಮ್ಮತ್ತೆ

ವ್ಯಾಪಾರ ಇಲಾಖೆಯ ಮಾನ್ಯ ಆಯುಕ್ತರೇ,

ಮೊದಲಿಗೆ ಒಂದು ತಪ್ಪೊಪ್ಪಿಗೆ. ಈ ದೇಶದ ಆರ್ಥಿಕ ಸ್ಥಿತಿಗತಿಯನ್ನು ತಿರುಚಿದ ಅಪರಾಧಿ ನಾನೇ. ಸ್ವಸ್ಥಚಿತ್ತನಾಗಿ, ಯಾರ ಒತ್ತಾಯಕ್ಕೂ ಒಳಗಾಗದೆ ಇದನ್ನು ಒಪ್ಪಿಕೊಳ್ಳುತ್ತಿದ್ದೇನೆ. ಈ ಕೃತ್ಯಕ್ಕೆ ನಾನು ಬಳಸಿದ ಆಯುಧಗಳು: ಒಂದು ಸೋಫಾ, ಒಂದು ಊಟದ ಮೇಜು, ಒಂದು ನಿಲುವುದೀಪ ಮತ್ತು ಒಬ್ಬ ಅತ್ತೆ.

ಕಳೆದ ವಾರದ ಪತ್ರಿಕಾ ಸಂದರ್ಶನದಲ್ಲಿ ತಾವು ಅಪ್ಪಣೆ ಕೊಡಿಸಿದ್ದೀರಿ: "ಆರ್ಥಿಕ ಹಿಂಜರಿತ ಇರುವುದು ಕೆಲವರ ಮನಸ್ಸಿನಲ್ಲಿ, ಮಾರುಕಟ್ಟೆಯಲ್ಲಲ್ಲ. ಮೊನ್ನೆ ಸಂಜೆ ಪೀಠೋಪಕರಣಗಳ ಬೀದಿಯಲ್ಲಿ ನಾನೇ ಖುದ್ದಾಗಿ ಹಾದುಬಂದೆ. ಒಂದು ಮಳಿಗೆಯ ಗಾಜಿನಾಚೆ ಅಜ್ಜಿಯಿಂದ ಮೊಮ್ಮಗಳವರೆಗೆ ಇಡೀ ಕುಟುಂಬ ಕೂತು ನಗುನಗುತ್ತ ಸೋಫಾ ಆರಿಸುತ್ತಿತ್ತು. ಇದು ಸಂಕಷ್ಟದ ಚಿತ್ರವೇ?" ಆ ಮಾತಿನ ಬೆನ್ನಿಗೇ ನಗರಸಭೆಯ ಮಳಿಗೆಗಳಿಗೆಲ್ಲ ಬಾಡಿಗೆ ರಿಯಾಯಿತಿಯ ಆದೇಶ ಹೊರಟಿತು. ನಮ್ಮ ಬೀದಿಯೊಂದನ್ನು ಬಿಟ್ಟು. ನಮ್ಮ ಬೀದಿ ನಗುತ್ತಿದೆಯಲ್ಲ, ನಗುವವರಿಗೆ ಯಾಕೆ ರಿಯಾಯಿತಿ?

ಮಾನ್ಯರೇ, ಆ ಕುಟುಂಬ ಗ್ರಾಹಕರದ್ದಲ್ಲ, ನನ್ನದು. ಆ ಸೋಫಾ ಮಾರಾಟದ್ದಲ್ಲ, ಮನೆಯದು. ಆ ಅಜ್ಜಿ ಏನನ್ನೂ ಆರಿಸುತ್ತಿರಲಿಲ್ಲ. ಅವರು ನಮ್ಮತ್ತೆ. ಮನೆಯಲ್ಲಿ ಕೂರಲು ಕುರ್ಚಿಯಿಲ್ಲದೆ ತಮ್ಮ ಕುರ್ಚಿಯನ್ನು ಹುಡುಕಿಕೊಂಡು ಅಳಿಯನ ಅಂಗಡಿಗೆ ಬಂದಿದ್ದರು.

ನಾನು ಒಳಾಂಗಣ ವಿನ್ಯಾಸಕ. ಜನರ ಮನೆಯ ಒಳಗನ್ನು ಚೆಂದ ಮಾಡಿ ನನ್ನ ಮನೆಯ ಒಲೆ ಉರಿಸುವವನು. ಕೈ ಬಿಗಿಯಾದಾಗ ಜನ ಊಟ ಬಿಡುವುದಿಲ್ಲ, ಔಷಧಿ ಬಿಡುವುದಿಲ್ಲ, ಮಕ್ಕಳ ಶಾಲೆ ಬಿಡುವುದಿಲ್ಲ. ಎಲ್ಲಕ್ಕಿಂತ ಮೊದಲು ಬಿಡುವುದು ನನ್ನನ್ನು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಕೆಲಸ ಇರುತ್ತದೋ ಹೋಗುತ್ತದೋ ಎಂದು ಗೊತ್ತಿಲ್ಲದವನು ಮಲಗುವ ಕೋಣೆಯ ಗೋಡೆಗೆ ಯಾವ ಬಣ್ಣ ಒಪ್ಪುತ್ತದೆ ಎಂದು ಯಾಕೆ ತಲೆ ಕೆಡಿಸಿಕೊಳ್ಳಬೇಕು? ಹೇಗೂ ನಿದ್ದೆ ಬರುವುದಿಲ್ಲ, ಗೋಡೆ ಯಾವ ಬಣ್ಣವಾದರೇನು? ಈಗಲೂ ಕೆಲವರು ಬರುತ್ತಾರೆ. ನಕ್ಷೆ ಬರೆಸುತ್ತಾರೆ, ಬಟ್ಟೆಯ ತುಂಡುಗಳನ್ನು ಮುಟ್ಟಿ ಮುಟ್ಟಿ ನೋಡುತ್ತಾರೆ, ಗಂಡ ಹೆಂಡತಿಯ ಮುಖವನ್ನೂ ಹೆಂಡತಿ ಗಂಡನ ಮುಖವನ್ನೂ ನೋಡಿ, ಕಡೆಗೆ ಇಬ್ಬರೂ ನನ್ನ ಮುಖ ನೋಡಿ "ನೋಡೋಣ" ಎಂದು ಎದ್ದು ಹೋಗುತ್ತಾರೆ. ನಮ್ಮ ಬೀದಿಯಲ್ಲಿ ಈಗ ಚಲಾವಣೆಯಲ್ಲಿರುವ ಏಕೈಕ ನಾಣ್ಯ ಈ 'ನೋಡೋಣ'. ಅರ್ಥಶಾಸ್ತ್ರದಲ್ಲಿ 'ಬೇಡಿಕೆ' ಎಂದೊಂದು ಪದವಿದೆ. ಕಾಲೇಜಿನಲ್ಲಿ ಅದರ ಮೇಲೆ ಪ್ರಬಂಧ ಬರೆದು ಶಹಭಾಸ್‌ಗಿರಿಯನ್ನೂ ಗಿಟ್ಟಿಸಿದ್ದೆ. ಇಂದು ಆ ಬೇಡಿಕೆಯಲ್ಲಿ ನನ್ನ ಪಾಲಿಗೆ ಉಳಿದಿರುವುದು 'ಬೇಡ' ಮಾತ್ರ.

ಇನ್ನು ನನ್ನ ಅಪರಾಧ ನಡೆದ ಬಗೆ. ನಮ್ಮ ಕಸುಬಿನಲ್ಲಿ ಅಂಗಡಿಯ ಗಾಜಿನ ಹಿಂದೆ ಒಂದು ಮಾದರಿ ಕೋಣೆ ಇಡುವುದು ವಾಡಿಕೆ. ಮೂರು ಗೋಡೆ, ಒಂದು ಸೋಫಾ, ಯಾರೂ ತಿನ್ನಲಾಗದ ಪ್ಲಾಸ್ಟಿಕ್ ಸೇಬು, ಒಳಗೆ ಹಾಳೆಯೇ ಇಲ್ಲದ ಪುಸ್ತಕಗಳ ಸಾಲು. ಹೋಗಿಬರುವವರು ಅದನ್ನು ನೋಡಿ, ನಮ್ಮನೆಯೂ ಹೀಗಿದ್ದರೆ ಎಂದು ಒಂದು ಕ್ಷಣ ನಿಲ್ಲಬೇಕು. ನಿಂತರೆ ನನ್ನ ಬದುಕು ನಡೆಯುತ್ತದೆ. ವ್ಯಾಪಾರ ಕುಸಿದಾಗ ಮಾದರಿ ಕೋಣೆಯ ಸೋಫಾವನ್ನೇ ಸಿಕ್ಕ ಬೆಲೆಗೆ ಮಾರಿದೆ. ಗಾಜಿನ ಹಿಂದೆ ಖಾಲಿ ಬಿಡಲಾದೀತೇ? ಮನೆಯ ಸೋಫಾ ತಂದಿಟ್ಟೆ. ಆಮೇಲೆ ಅಲ್ಲಿಯ ಮೇಜು ಹೋಯಿತು, ಮನೆಯ ಮೇಜು ಬಂತು. ಅಲ್ಲಿಯ ದೀಪ ಹೋಯಿತು, ಮನೆಯ ದೀಪ ಬಂತು. ಹೀಗೆ ನಮ್ಮ ಮನೆ ಕೋಣೆ ಕೋಣೆಯಾಗಿ ಅಂಗಡಿಗೆ ನಡೆದುಬಂತು. ಈಗ ಮನೆಯಲ್ಲಿ ಯಾರಾದರೂ ಕೆಮ್ಮಿದರೆ ಗೋಡೆಗಳೂ ತಿರುಗಿ ಕೆಮ್ಮುತ್ತವೆ. ನೆಲದ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುವಾಗ ಮಗಳು ಕೇಳುತ್ತಾಳೆ: "ಅಪ್ಪಾ, ಅಂಗಡಿ ಮುಚ್ಚಿದ್ರೆ ನಮ್ ಸೋಫಾ ವಾಪಸ್ ಬರುತ್ತಲ್ವಾ?" ನನ್ನ ದಿವಾಳಿಯಲ್ಲೂ ಲಾಭ ಕಾಣುವ ಇವಳನ್ನು ತಮ್ಮ ಇಲಾಖೆಗೆ ಸೇರಿಸಿಕೊಳ್ಳಬಹುದು.

ಕಡೆಗೆ ಬಂದದ್ದು ಅತ್ತೆಯ ಕುರ್ಚಿ. ಅದರ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಈ ಪತ್ರ ಅಪೂರ್ಣ. ಮಾವ ತಮ್ಮ ಕೈಯಾರೆ ಮಾಡಿದ ಕುರ್ಚಿ ಅದು. ಅವರು ಗುಮಾಸ್ತರು, ಬಡಗಿಯಲ್ಲ. ಅದು ಕುರ್ಚಿಯನ್ನು ನೋಡಿದರೇ ಗೊತ್ತಾಗುತ್ತದೆ. ಒಂದು ಕಾಲು ಗಿಡ್ಡ. ಅದರ ಕೆಳಗೆ ಮಡಿಸಿದ ಕಾಗದದ ಚೂರನ್ನು ತುರುಕಿಯೇ ಕೂರಬೇಕು. ಕೈ ಊರಿ ಊರಿ ತೋಳಿನ ಮರ ಬೆಣ್ಣೆಯಂತಾಗಿದೆ. ಮದುವೆಯಾದ ಹೊಸತರಲ್ಲಿ ನಾನು, ಬಣ್ಣ ಹೊಂದುವುದಿಲ್ಲ, ಅಳತೆ ಹೊಂದುವುದಿಲ್ಲ ಎಂದು ಅದನ್ನು ಹಿಂದಿನ ಕೋಣೆಗೆ ತಳ್ಳಲು ಮಾಡದ ಉಪಾಯವಿಲ್ಲ. ಅತ್ತೆ ಒಂದೇ ಮಾತಲ್ಲಿ ಮುಗಿಸಿದ್ದರು: "ಅಳಿಯಂದ್ರೇ, ನೀವೂ ಈ ಮನೆಗೆ ಹೊಂದ್ಕೊಳ್ಳೋಕೆ ಟೈಮ್ ತಗೊಂಡ್ರಿ. ನಾವೇನಾದ್ರೂ ಅಂದ್ವಾ?"

ಅಂಥ ಕುರ್ಚಿಯನ್ನು ಗಾಜಿನ ಹಿಂದೆ ಇಟ್ಟಮೇಲೆ ವಿಚಿತ್ರ ನೋಡಿ, ಹೋಗಿಬರುವವರು ನಿಲ್ಲುತ್ತಿದ್ದದ್ದೇ ಅದನ್ನು ನೋಡಿ. ಕಾಲೇಜಿನಲ್ಲಿ ಕಲಿತು, ಕೂದಲು ಹಣ್ಣಾಗುವವರೆಗೆ ತಿದ್ದಿ ತೀಡಿದ ನನ್ನ ಅಭಿರುಚಿಯನ್ನು ದಾಟಿಕೊಂಡು ಎಲ್ಲರ ಕಣ್ಣೂ ಆ ಕುಂಟ ಕುರ್ಚಿಯ ಮೇಲೆ. ಹೆಂಡತಿ ಮಾತ್ರ ಮೊದಲ ದಿನವೇ ಎಚ್ಚರಿಸಿದ್ದಳು: "ಉಳಿದಿದ್ದೆಲ್ಲ ಏನಾದ್ರೂ ಮಾಡ್ಕೊಳ್ಳಿ. ಅಮ್ಮನ ಕುರ್ಚಿಗೆ ಬೆಲೆ ಚೀಟಿ ಕಂಡ್ರೆ ನೋಡಿ ಮತ್ತೆ!" ನಾನು ನನ್ನ ಚೆಂದದ ಅಕ್ಷರದಲ್ಲಿ 'ಮಾರಾಟಕ್ಕಿಲ್ಲ' ಎಂದು ಬರೆದು ಕುರ್ಚಿಗೆ ತೂಗುಹಾಕಿದೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಈ ಮಂದಗತಿಯಲ್ಲಿ ನಾನು ಮಾರದ ವಸ್ತು ಇಲ್ಲ, ಆದರೆ ಮನುಷ್ಯನಿಗೆ ಕೂರಲು ಒಂದು ಜಾಗ, ನಿಲ್ಲಲು ಒಂದು ಮಾತು ಇರಬೇಕು. ನನ್ನ ಪಾಲಿಗೆ ಎರಡೂ ಆ ಕುರ್ಚಿಯೇ.

ತಾವು ಕಂಡ ಆ ನಗುವಿನ ಗುಟ್ಟನ್ನೂ ಬಿಚ್ಚಿಡುತ್ತೇನೆ. ಮಗಳು ಶಾಲೆಯ ಪಾಠವನ್ನೂ ಅಂಗಡಿಯ ಮೇಜಿನ ಮೇಲೇ ಬರೆಯುವುದು, ಅದು ನಮ್ಮನೆಯ ಮೇಜು ತಾನೆ? ಆ ಸಂಜೆ ಏನೋ ಹುಡುಕಲು ಕಪಾಟಿನಿಂದ ಒಂದು ಪುಸ್ತಕ ಎಳೆದಳು. ಒಂದಕ್ಕೊಂದು ಅಂಟಿಸಿದ ಪುಸ್ತಕಗಳಲ್ಲವೇ, ಇಡೀ ಸಾಲೇ ಕಿತ್ತುಕೊಂಡು ಬಂತು. ಅತ್ತೆ, "ಒಬ್ರನ್ನ ಕರೆದ್ರೆ ವಂಶಾನೇ ಬಂತಲ್ಲೇ!" ಎಂದರು. ನಾವೆಲ್ಲ ನಕ್ಕೆವು. ತಿಂಗಳುಗಳಾದ ಮೇಲೆ ನಕ್ಕದ್ದು. ಅದೇ ಹೊತ್ತಿಗೆ ತಮ್ಮ ಕಾರು ಹಾದುಹೋಗಬೇಕೇ? ಮಾದರಿ ಕೋಣೆಯಲ್ಲಿ ಅಸಲಿಯಾದದ್ದು ಆ ನಗುವೊಂದೇ. ಅದೇ ನಮ್ಮ ಬೀದಿಗೆ ಮುಳುವಾಯಿತು.

ಆದೇಶ ಬಂದ ಬೆಳಗ್ಗೆ ಪಕ್ಕದ ಬಣ್ಣದಂಗಡಿಯವನು ಪತ್ರಿಕೆ ಹಿಡಿದುಕೊಂಡೇ ನುಗ್ಗಿದ. ಮನುಷ್ಯ ಒಳ್ಳೆಯವನು, ಆದರೆ ಅವನ ಡಬ್ಬಗಳ ಮೇಲೂ ಧೂಳು ಕೂತಿದೆ.

"ಅಲ್ಲ ಮಾರಾಯಾ, ನಿಮ್ಮತ್ತೆ ಕಾಲ್ಮೇಲೆ ಕಾಲ್ ಹಾಕ್ಕೊಂಡು ಕೂತಿದ್ದಕ್ಕೆ ಇಡೀ ಬೀದಿ ಉದ್ಧಾರ ಆಗಿದೆಯಂತೆ!"

"ಅವ್ರಿಗೆ ಮಂಡಿನೋವು ಕಣೋ. ಹಂಗೇ ಕೂರ್ಬೇಕು."

"ಹಂಗಾದ್ರೆ ಸ್ವಲ್ಪ ನರಳ್ಕೊಂಡು ಕೂರೋಕೆ ಹೇಳು! ನಿನ್ನ ಸೋಫಾ ನಮ್ಮನ್ನೆಲ್ಲ ನೆಲಕ್ಕೆ ಕೂರಿಸ್ತಲ್ಲೋ."

ನನ್ನ ಬಾಯಿಗೆ ಬೀಗ ಬಿದ್ದದ್ದು ಅಂದೇ. ಅಂಗಡಿಗೆ ಬೀಗ ಬೀಳುವುದು ಈ ತಿಂಗಳ ಕೊನೆಗೆ. ರಿಯಾಯಿತಿ ಸಿಕ್ಕಿದ್ದರೆ ಇನ್ನಷ್ಟು ದಿನ ಉಸಿರು ಹಿಡಿಯಬಹುದಿತ್ತು.

ಹಾಗೆಂದು ಕೈಕಟ್ಟಿ ಕೂರಲಿಲ್ಲ, ತಮ್ಮ ಕಚೇರಿಗೇ ಬಂದೆ. ತಾವಿರಲಿಲ್ಲ, ಇನ್ನಾವುದೋ ಬೀದಿಯನ್ನು ಕಾರಿನಿಂದ ಪರಿಶೀಲಿಸಲು ಹೋಗಿದ್ದಿರಿ. ಕಾಯುವ ಕೋಣೆಯಲ್ಲಿ ಕಿಟಕಿಗೆ ಅಡ್ಡವಾಗಿ ಕಬ್ಬಿಣದ ಬೀರು ನಿಲ್ಲಿಸಿ, ನಡುಹಗಲಲ್ಲಿ ಟ್ಯೂಬ್‌ಲೈಟು ಉರಿಸುತ್ತಿದ್ದೀರಿ. ಬೀರು ಪಕ್ಕಕ್ಕೆ ಸರಿಸಿದರೆ ಹೊರಗಿನ ಬೆಳಕು ಒಳಗೆ ಬರುತ್ತದೆ. ಈ ಸಲಹೆ ಉಚಿತ. ಈಗ ನನ್ನ ಸಲಹೆಗಳೆಲ್ಲ ಉಚಿತವೇ. ತಮ್ಮ ಆಪ್ತ ಸಹಾಯಕರು ನನ್ನ ಕತೆಯನ್ನು ತಾಳ್ಮೆಯಿಂದ ಕೇಳಿ, ಕನ್ನಡಕ ಒರೆಸಿಕೊಂಡರು.

"ಸರಿ, ಅಂಗಡೀಲಿ ಕೂತಿದ್ದೋರು ಗ್ರಾಹಕರಲ್ಲ ಅಂತೀರಿ. ಹೇಗೆ ನಂಬೋದು?"

"ಸ್ವಾಮಿ, ಅವ್ರು ನಮ್ಮತ್ತೆ!"

"ಅತ್ತೆ ಗ್ರಾಹಕರಾಗ್ಬಾರ್ದು ಅಂತ ಎಲ್ಲಿದೆ?"

"ಅವ್ರು ಕೂತಿದ್ದು ಅವ್ರದೇ ಕುರ್ಚಿ!"

"ನೋಡಿದ್ರಾ, ಅಂದ್ರೆ ಕೊಂಡಾಗಿದೆ." ಆಮೇಲೆ ಪಾಪ ಅವರಿಗೂ ಕರುಣೆ ಬಂದಿರಬೇಕು, ದನಿ ತಗ್ಗಿಸಿದರು. "ಒಂದ್ ಕೆಲ್ಸ ಮಾಡಿ. ಸಾಹೇಬ್ರು ಇನ್ನೊಂದ್ಸಲ ಆ ಕಡೆ ಬರ್ತಾರೆ. ಅಷ್ಟರಲ್ಲಿ ದೀಪ ಆರ್ಸಿ, ಗಾಜು ಒರೆಸ್ಬೇಡಿ, ಸಾಮಾನೆಲ್ಲ ಒಳಗೆ ಹಾಕಿ. ಅಂಗಡಿ ಹಾಳುಬಿದ್ದಂಗೆ ಕಾಣ್ಲಿ."

ಮಾನ್ಯರೇ, ಈ ಸಲಹೆಯನ್ನು ನಾನು ಹೊತ್ತುಕೊಂಡು ಮನೆಗೆ ಬಂದೆ. ಬದುಕಬೇಕಾದರೆ ಸತ್ತಂತೆ ಕಾಣಬೇಕು, ಆಯಿತು. ಆದರೆ ನನ್ನ ಕಸುಬು ಯಾವುದು? ಬಟ್ಟೆ ಅಂಗಡಿಯವನು ಕತ್ತಲಲ್ಲಿ ಕೂತರೂ ಬಟ್ಟೆ ಬಟ್ಟೆಯೇ. ತನ್ನ ಅಂಗಡಿಯನ್ನೇ ಹಾಳುಕೊಂಪೆ ಮಾಡಿಕೊಂಡವನ ಕೈಗೆ ಯಾವ ಮನೆಯೊಡತಿ ತನ್ನ ಹಜಾರದ ಕೀಲಿಕೈ ಕೊಡುತ್ತಾಳೆ? ದೀಪ ಹಚ್ಚಿದರೆ ತಮ್ಮ ಕಣ್ಣಿಗೆ ನಾನು ಸುಖಿ, ಆರಿಸಿದರೆ ಗ್ರಾಹಕರ ಕಣ್ಣಿಗೆ ನಾನೇ ಇಲ್ಲ. ತಾವು 'ಹಿಂಜರಿತ' ಇದೆಯೆಂದು ಒಪ್ಪಲೂ ಹಿಂಜರಿಯುತ್ತೀರಿ, ನಾವು ಅದರೊಳಗೇ ಸಂಸಾರ ಹೂಡಿದ್ದೇವೆ. ಅಪ್ಪಣೆಯಾದರೆ ದುಃಸ್ಥಿತಿಯನ್ನೇ ಅಚ್ಚುಕಟ್ಟಾಗಿ ವಿನ್ಯಾಸ ಮಾಡಿಕೊಡುತ್ತೇನೆ. ಇಲ್ಲೊಂದು ಜೇಡರಬಲೆ, ಅಲ್ಲೊಂದು ಬಿರುಕು, ಮೂಲೆಯಲ್ಲಿ ಮಂದ ಬೆಳಕಿನಲ್ಲಿ ತಲೆಯ ಮೇಲೆ ಕೈಹೊತ್ತ ಮಾಲೀಕ. ಬೇಕಾದರೆ ಬೀದಿಯ ಎಲ್ಲ ಅಂಗಡಿಗೂ ಒಂದೇ ಬಗೆಯ ಧೂಳು. ಬಹುಕಾಲದ ಮೇಲೆ ನನಗೂ ಒಂದು ದೊಡ್ಡ ಕೆಲಸ ಸಿಕ್ಕಂತಾಗುತ್ತದೆ.

ನನ್ನ ಬಳಿ ಒಬ್ಬ ಬಡಗಿಯಿದ್ದಾನೆ. ಅಂಗಡಿ ತೆರೆದಂದಿನಿಂದ ಜೊತೆಗಿರುವವನು. ಮಾಡಲು ಏನೂ ಇಲ್ಲದೆ ಇದ್ದ ಬಾಗಿಲನ್ನೇ ಬಿಚ್ಚಿ ಮತ್ತೆ ಕೂರಿಸುತ್ತಾನೆ, ಇದ್ದ ಡ್ರಾಯರನ್ನೇ ಉಜ್ಜುತ್ತಾನೆ. ನಮ್ಮ ಡ್ರಾಯರುಗಳು ಈಗ ಉಫ್ ಎಂದರೆ ತೆರೆದುಕೊಳ್ಳುತ್ತವೆ, ಒಳಗೆ ಏನೂ ಇರುವುದಿಲ್ಲ, ಅದು ಬೇರೆ ಮಾತು. "ಅಣ್ಣಾ, ಕೈ ಸುಮ್ನಿದ್ರೆ ಕೈನೇ ಮರೆತ್ಹೋಗುತ್ತೆ" ಎನ್ನುತ್ತಾನೆ. ಅವನಿಗೆ ಈ ತಿಂಗಳ ಕೊನೆಯ ವಿಷಯ ನಾನಿನ್ನೂ ಹೇಳಿಲ್ಲ. ಅವನು ಕೇಳಿಯೂ ಇಲ್ಲ. ಇಬ್ಬರೂ ಡ್ರಾಯರು ನೋಡಿಕೊಂಡು ಕೂರುತ್ತೇವೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಈಗ ಉಳಿದಿರುವುದು ಇದೊಂದೇ ಬೇಡಿಕೆ, ದಯವಿಟ್ಟು ಪೂರೈಸಿ. ಇನ್ನೊಮ್ಮೆ ಬನ್ನಿ. ಈ ಸಲ ಕಾರು ನಿಲ್ಲಿಸಿ, ಇಳಿದು, ಬಾಗಿಲು ತಳ್ಳಿ ಒಳಗೆ ಬನ್ನಿ. ಪ್ಲಾಸ್ಟಿಕ್ ಸೇಬನ್ನು ಕಚ್ಚಿ ನೋಡಿ, ಪುಸ್ತಕ ತೆರೆದು ನೋಡಿ. ಆಮೇಲೆ ನಮ್ಮ ಮನೆಗೂ ಬಂದು ಒಮ್ಮೆ ಕೆಮ್ಮಿ ನೋಡಿ. ನಂತರ ನಮ್ಮ ಬೀದಿಗೂ ರಿಯಾಯಿತಿ ಕೊಡಬೇಕೋ ಬೇಡವೋ ತೀರ್ಮಾನಿಸಿ. ಯಾರ ಎದುರಿಗೂ ಏಳದ ನಮ್ಮತ್ತೆ ತಮಗಾಗಿ ಎದ್ದು ಆ ಕುರ್ಚಿ ಬಿಟ್ಟುಕೊಡುತ್ತಾರೆ. ಅದರಲ್ಲಿ ಕೂತು ನೋಡಿ, ಬೀದಿ ಕಾರಿನಿಂದ ಕಂಡಂತೆ ಕಾಣುವುದಿಲ್ಲ.

ನಿನ್ನೆ ಇಲ್ಲಿಗೆ ಪತ್ರ ಮುಗಿಸಿ ಸಹಿ ಹಾಕುವುದರಲ್ಲಿದ್ದೆ. ಇಂದು ಬೆಳಗ್ಗೆ ಒಬ್ಬರು ಬಂದರು. "ಪೇಪರ್ನಲ್ಲಿ ಬಂದಿತ್ತಲ್ಲ, ಆ ಅಂಗಡಿ ಇದೇನಾ?" ಎಂದರು. ತಮ್ಮ ಸಂದರ್ಶನ ಅಷ್ಟರಮಟ್ಟಿಗೆ ಉಪಕಾರ ಮಾಡಿದೆ, ಇಲ್ಲವೆನ್ನಲಾರೆ. ಅವರು ಸೋಫಾ ನೋಡಲಿಲ್ಲ, ಮೇಜು ನೋಡಲಿಲ್ಲ. ನೇರವಾಗಿ ಹೋಗಿ ಆ ಕುರ್ಚಿಯ ತೋಳನ್ನು ಸವರಿದರು. ಅತ್ತೆ ಬಣ್ಣದಂಗಡಿಯವನ ಹತ್ತಿರ ಹರಟಲು ಹೋಗಿದ್ದರು. ನಾನು "ಮಾರಾಟಕ್ಕಿಲ್ಲ" ಎಂದೆ. ಅವರು ಇನ್ನೊಮ್ಮೆ ಕೇಳಿದರು. ನಾನೂ ಇನ್ನೊಮ್ಮೆ ಹಾಗೆಯೇ ಹೇಳಿದೆ ಎಂದು ಬರೆಯುವ ಆಸೆ ಬಹಳ ಇತ್ತು.

ಚೀಟಿ ಕಿತ್ತವನು ನಾನೇ. ಕುರ್ಚಿ ಹೊತ್ತು ಅವರ ಗಾಡಿಯಲ್ಲಿಟ್ಟವನೂ ನಾನೇ. ಗಿಡ್ಡ ಕಾಲಿನ ಕೆಳಗಿನ ಕಾಗದದ ಮಡಿಕೆಯನ್ನೂ ಮರೆಯದೆ ಕೈಗಿತ್ತು, ಹೇಗೆ ತುರುಕಬೇಕೆಂದು ತೋರಿಸಿಕೊಟ್ಟೆ.

ಅತ್ತೆ ವಾಪಸು ಬಂದರು. ಅಭ್ಯಾಸಬಲದಿಂದ ಗಾಜಿನ ಪಕ್ಕದ ಆ ಜಾಗಕ್ಕೇ ಹೋಗಿ, ಸೆರಗು ಸರಿಮಾಡಿಕೊಂಡು, ತೋಳಿಗಾಗಿ ಕೈಚಾಚಿದರು. ಕೈಗೆ ಏನೂ ಸಿಗಲಿಲ್ಲ. ಬೈಯಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಅಳಿಯಂದ್ರೇ, ಇಲ್ಲೇ ಎಲ್ಲೋ ಕೂತಿದ್ನಲ್ಲಾ ನಾನು?"

ನಾನು ದೀಪದ ಧೂಳು ಒರೆಸುವವನಂತೆ ಆ ಕಡೆ ತಿರುಗಿಕೊಂಡೆ.

ಇಂತಿ,
ಇದನ್ನು ನಿಂತುಕೊಂಡೇ ಬರೆದು ಮುಗಿಸಿದ,
ತಮ್ಮ ಸಂದರ್ಶನದಲ್ಲಿ ಮಾತ್ರ ಸುಖವಾಗಿರುವ
ಒಬ್ಬ ಒಳಾಂಗಣ ವಿನ್ಯಾಸಕ