ಯಾವ ಹನ್ನೆರಡು

ಮೇ 6, 2004, ಗುರುವಾರ. ನಮ್ಮ ಗಂಟೆ ಒಂಬತ್ತು, ಅವರ ಹನ್ನೊಂದು.

ಅಂಗಡಿ ತೆರೆದೆ. ಎಡಗೋಡೆಯ ಗಡಿಯಾರಗಳಿಗೆ ಕೀ ಕೊಟ್ಟೆ. ಅವು ನಮ್ಮ ಗಂಟೆಯವು, ಕಾಶ್ಗರಿನ ಸೂರ್ಯನನ್ನು ನೋಡಿ ಇಟ್ಟವು. ಆಮೇಲೆ ಬಲಗೋಡೆಯವಕ್ಕೆ. ಅವು ಬೀಜಿಂಗ್ ಗಂಟೆ, ಚೀನಾ ಸರ್ಕಾರ ಇಡೀ ದೇಶಕ್ಕೆ ಇಟ್ಟದ್ದು — ಬಸ್ಸು, ಬ್ಯಾಂಕು, ಶಾಲೆ, ಕಾರ್ಖಾನೆಗಳದ್ದು. ಎರಡು ಗಂಟೆ ಮುಂದೆ. ನಡುವೆ ಸ್ಟೂಲು ಹಾಕಿ ಕೂತರೆ ಒಂದೊಂದು ಕಿವಿಗೆ ಒಂದೊಂದು ಹೊತ್ತು. ಗಿರಾಕಿಗಳು ನಗುತ್ತಾರೆ. ನಗಲಿ.

ನಿನ್ನೆ ಖೋತನಿನ ರೇಷ್ಮೆ ವ್ಯಾಪಾರಿ ಮೆತ್‌ನಿಯಾಜ್ ಬಂದಿದ್ದ. ಕರವಸ್ತ್ರದಲ್ಲಿ ಸುತ್ತಿದ ಹೆಂಗಸರ ವಾಚು ಕೊಟ್ಟ. ತಮ್ಮ ಬೀದಿಯ ಒಬ್ಬಾಕೆ ರಿಪೇರಿಗೆ ಕೊಟ್ಟಿದ್ದಂತೆ. ಹೆಸರು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ಈಗ ಕಿವಿಗೆ ಹಿಡಿದೆ. ಈ ಸದ್ದು ಎಲ್ಲೋ ಕೇಳಿದ್ದೇನೆ ಅನ್ನಿಸಿತು... ಹಿಂಬದಿ ಬಿಚ್ಚಿದೆ. ಮುಚ್ಚಳದ ಒಳಗೆ ಸೂಜಿಯಿಂದ ಗೀಚಿದ ಗುರುತು. ನನ್ನದೇ. 1979. ನಮ್ಮ ಮದುವೆಗೆ ನಾನೇ ಕೊಟ್ಟಿದ್ದು.

ಹೆಲ್ಚೆಮ್‌ಳ ವಾಚು.

ಲೆನ್ಸು ಮಸುಕಾಯಿತು. ಒರೆಸಿದೆ. ಮತ್ತೆ ಮಸುಕು. ತಪ್ಪು ಲೆನ್ಸಿನದ್ದಲ್ಲ.

ಅದೇ ದಿನ, ಸಂಜೆ.

ಇಡೀ ದಿನ ಹುಡುಕಿದೆ. ಸ್ಪ್ರಿಂಗು ಸರಿ. ಹಲ್ಲುಚಕ್ರ ಸರಿ. ಎಣ್ಣೆ ಕೂಡ ಒಣಗಿಲ್ಲ. ಏನೂ ಕೆಟ್ಟಿಲ್ಲ. ಪಕ್ಕದ ನಾನ್ ಅಂಗಡಿಯ ಸಾದಿರ್ ಬಿಸಿ ನಾನ್ ತಂದಿಟ್ಟು ಇಣುಕಿದ. ಹೇಳಿದೆ. ಗಡ್ಡದ ಹಿಟ್ಟು ಒರೆಸಿಕೊಂಡ.

“ಕೆಡದ ವಾಚನ್ನ ಐನೂರು ಕಿಲೋಮೀಟರ್ ದೂರಕ್ಕೆ ರಿಪೇರಿಗೆ ಕಳಿಸ್ತಾರೇನೋ ಯಾರಾದ್ರೂ? ಕೆಟ್ಟಿರೋದು ವಾಚಲ್ಲ, ನಿನ್ನ ತಲೆ.”

ಅವಳ ಎರಡನೇ ಗಂಡ ತೀರಿಕೊಂಡು ಎರಡು ವರ್ಷವಾಯಿತಂತೆ. ಮೆತ್‌ನಿಯಾಜ್ ಸಾದಿರನಿಗೆ ಹೇಳಿದ್ದಾನೆ. ನನಗೆ ಹೇಳಲಿಲ್ಲ. ಊರಿಗೆಲ್ಲ ಗೊತ್ತಾದ ಮೇಲೇ ನನಗೆ ಗೊತ್ತಾಗುವುದು, ಮೊದಲಿನಿಂದಲೂ.

ಮೇ 7.

ಕೆಲಸ ಸಾಗಲಿಲ್ಲ. ಇದನ್ನು ಒಮ್ಮೆ ಬರೆದು ಹಾಕಬೇಕು. ಹದಿನೇಳು ವರ್ಷದಿಂದ ಬರೆದಿಲ್ಲ.

ಆಗ ಅವಳು ನೂಲಿನ ಕಾರ್ಖಾನೆಗೆ ಹೋಗುತ್ತಿದ್ದಳು. ಕಾರ್ಖಾನೆಯದ್ದು ಬೀಜಿಂಗ್ ಗಂಟೆ. ಮನೆಯಲ್ಲಿ ಒಂದು ಗಡಿಯಾರ, ಒಂದೇ ಒಂದು, ಆ ಗಂಟೆಗೆ ಇಡಿ ಅಂತ ಕೇಳಿದಳು. ನನ್ನ ಮನೆಯಲ್ಲಿ ಸೂರ್ಯನ ಗಂಟೆ ಮಾತ್ರ ಅಂದೆ. ಅವಳು ತಿರುಗಿಸಿಟ್ಟರೆ ನಾನು ಮತ್ತೆ ತಿರುಗಿಸಿಡುತ್ತಿದ್ದೆ. ಹಾಗೇ ಎರಡು ಸಲ ತಡವಾಗಿ ಹೋದಳು. ಮೂರನೇ ಸಲಕ್ಕೆ ಕೆಲಸ ಹೋಯಿತು. ನಾನು ಅಂದದ್ದು — “ಲೆಕ್ಕ ಬರಬೇಕಿತ್ತು, ಎರಡು ಕೂಡಿದರೆ ಆಗಿತ್ತು.” ಈಗ ಬರೆಯಲೂ ನಾಚಿಕೆ.

ಚಿಕ್ಕಮ್ಮನ ಮನೆಗೆ ಹೋದಳು. ವಾರದ ಮೇಲೆ ಹೇಳಿಕಳಿಸಿದಳು — ಶನಿವಾರ ಹನ್ನೆರಡರ ತನಕ ಬಸ್ ನಿಲ್ದಾಣದಲ್ಲಿರುತ್ತೇನೆ, ಬಂದರೆ ಮನೆಗೆ ಬರುತ್ತೇನೆ, ಬರದಿದ್ದರೆ ಖೋತನ್ ಬಸ್ಸು.

ನಾನು ಹನ್ನೆರಡಕ್ಕೆ ಹೋದೆ. ನನ್ನ ಹನ್ನೆರಡಕ್ಕೆ. ನಿಲ್ದಾಣದ ಗಡಿಯಾರದಲ್ಲಿ ಎರಡು ಹೊಡೆದಿತ್ತು.

ಸಂಜೆಯವರೆಗೆ ಕೂತೆ. ಆಮೇಲೆ ಕಾಗದದಲ್ಲೇ ತಲಾಕ್ ಆಯಿತು. ಅವಳಿಗೆ ಬೇರೆ ಮದುವೆಯಾಯಿತು. ನಾನು ಬಲಗೋಡೆಗೂ ಗಡಿಯಾರ ಹಾಕಿದೆ.

ನಾನು ಬಂದಿದ್ದೆ ಅನ್ನುವುದು ಅವಳಿಗೆ ಗೊತ್ತೇ ಇಲ್ಲ. ಅದೊಂದು ಹೇಳಬೇಕು. ಅಷ್ಟು ಹೇಳಿದರೆ ಸಾಕು. (ಸಾಕೇ? ಸುಳ್ಳು ಬರೆಯಬೇಡ ಹೆಮ್ದುಲ್ಲಾ, ಓದುವವರು ಯಾರೂ ಇಲ್ಲ.)

ಹೋಗುತ್ತೇನೆ ಅಂದೆ ಸಾದಿರನಿಗೆ. “ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು” ಅಂದ. ಆದರೆ ದಾರಿಗೆ ಅಂತ ಇಪ್ಪತ್ತು ನಾನ್ ಕಟ್ಟಿಕೊಟ್ಟ.

ಮೇ 9. ಬಸ್ಸಿನಲ್ಲಿ. ಅಕ್ಷರ ಕುಣಿಯುತ್ತಿವೆ.

ಪಕ್ಕದಲ್ಲಿ ಬುವಿಹಾನ್ ಅಂತ ಒಬ್ಬ ಅಜ್ಜಿ, ಮಡಿಲಲ್ಲಿ ಹುಂಜ. ಮೊಮ್ಮಗಳ ಮನೆಗೆ ಹೊರಟಿದ್ದಾಳೆ. ನನ್ನ ಎರಡು ಕೈಯಲ್ಲೂ ವಾಚು ನೋಡಿ ಕದ್ದಿದ್ದೇ ಅಂತ ಕೇಳಿದಳು. ಒಂದು ನಮ್ಮದು ಒಂದು ಅವರದು ಅಂದೆ. ಹುಂಜ ತೋರಿಸಿ, “ಇದಕ್ಕೆ ಒಂದೇ ಗಂಟಲು ಮಗಾ, ಸಾಕಾಗಿದೆ” ಅಂದಳು.

ಯೆಂಗಿಸಾರಿನಲ್ಲಿ ಚಹಾಕ್ಕೆ ನಿಲ್ಲಿಸಿದರು. ಅಂದು ಅವಳ ಬಸ್ಸೂ ಇಲ್ಲೇ ನಿಂತಿರಬೇಕು. ಇದೇ ಬೆಂಚೋ ಏನೋ. ಮುಟ್ಟಿ ನೋಡಿದೆ. ಮರ ಬಿಸಿಯಾಗಿತ್ತು.

ಆಮೇಲೆ ನಿದ್ದೆ. ಎದ್ದರೆ ಪಾಪ್ಲರ್ ಮರಗಳು, ಕಾಲುವೆ, ಕತ್ತೆಗಾಡಿ. ಮತ್ತೆ ನಿದ್ದೆ. ಎದ್ದರೆ ಮರಳು. ಮತ್ತೆ ಎದ್ದರೆ ಅದೇ ಮರಗಳು, ಅದೇ ಕತ್ತೆಗಾಡಿ — ಬಸ್ಸು ಮುಂದೆ ಹೋಗುತ್ತಿದೆಯೋ ಹಿಂದೆಯೋ ತಿಳಿಯಲಿಲ್ಲ. ಗೂಮಾ ದಾಟಿದ ಮೇಲೆ ಧೂಳು ಇಳಿಯಿತು. ಗಾಳಿ ಇಲ್ಲ, ಸುಮ್ಮನೆ ಧೂಳು, ಆಕಾಶದಲ್ಲಿ ನಿಂತುಬಿಟ್ಟಿದೆ. ಸೂರ್ಯನನ್ನು ಬರಿಗಣ್ಣಲ್ಲಿ ನೋಡಬಹುದು. ನೆರಳು ಯಾವುದಕ್ಕೂ ಇಲ್ಲ. ಇಷ್ಟು ವರ್ಷ ಸೂರ್ಯನ ಗಂಟೆ ಅಂತ ಜಗಳವಾಡಿದವನಿಗೆ ಈ ದಾರಿಯಲ್ಲಿ ಸೂರ್ಯನೇ ಸರಿಯಾಗಿ ಸಿಗುತ್ತಿಲ್ಲ.

ಒಂದು ಕನಸೂ ಬಿತ್ತು. ಅವಳು ಮನೆಯ ಗಡಿಯಾರಗಳನ್ನೆಲ್ಲ ಕಾಲುವೆಯಲ್ಲಿ ತೊಳೆದು ಹಗ್ಗದ ಮೇಲೆ ಒಣಹಾಕುತ್ತಿದ್ದಳು. ನನಗೆ ಸಿಟ್ಟು ಬರಲಿಲ್ಲ. ಹಿಂಡಿ ಕೊಡುತ್ತಿದ್ದೆ.

ಮೇ 10. ಖೋತನ್. ಮೆತ್‌ನಿಯಾಜನ ಮನೆ.

ಮೆತ್‌ನಿಯಾಜ್ ನನ್ನನ್ನು ನೋಡಿ ಬೆರಗಾದವನ ಹಾಗೆ ನಟಿಸಿದ. “ವಾಚು ಬೇಗ ರಿಪೇರಿ ಆಯ್ತಲ್ಲ ಹೆಮ್ದುಲ್ಲಾ ಅಣ್ಣಾ.” ಅವನ ಹೆಂಡತಿ ಒಳಗೆ ತಲೆವಸ್ತ್ರದ ತುದಿ ಬಾಯಿಗೆ ಒತ್ತಿಕೊಂಡು ನಗುವುದು ಕಂಡಿತು.

ಅವಳ ಮನೆ ಮೂರನೆಯದು. ನೀಲಿ ಬಾಗಿಲು, ದ್ರಾಕ್ಷಿ ಚಪ್ಪರ. ಬಾಗಿಲು ತೆಗೆದಳು. ಐವತ್ತಾಗಿದೆ. ಹುಬ್ಬು ಮಾತ್ರ ಅದೇ. ನಾನು ಸಲಾಂ ಹೇಳಿ, ನೀವು ಚೆನ್ನಾಗಿದ್ದೀರಾ ಅಂದೆ.

“ನನಗೆ ಯಾವಾಗಿಂದ ಬಹುವಚನ?” ಅಂದಳು. ಆಮೇಲೆ ಬೆರಳು ತುಟಿಯ ಮೇಲಿಟ್ಟು — “ಮೆಲ್ಲಗೆ. ಹುಳು ಜ್ವರಕ್ಕೆ ಕೂತಿವೆ.”

ರೇಷ್ಮೆ ಸಾಕುತ್ತಾಳೆ. ಒಳಕೋಣೆ ತುಂಬ ತಟ್ಟೆಗಳು. ನಾಲ್ಕನೇ ಜ್ವರವಂತೆ, ಪೊರೆ ಬಿಡುವ ಮುಂಚಿನ ನಿದ್ದೆ. ಹುಳುಗಳೆಲ್ಲ ತಲೆ ಎತ್ತಿಕೊಂಡು ಅಲ್ಲಾಡದೆ ನಿಂತಿವೆ. ಅಷ್ಟು ಜೀವ ಒಂದು ಕೋಣೆಯಲ್ಲಿ, ಒಂದು ಸದ್ದಿಲ್ಲ. ಗಡಿಯಾರವೂ ಇಲ್ಲ. ಇಡೀ ಮನೆಯಲ್ಲಿ ಒಂದೂ ಇಲ್ಲ. ನಾನು ಗೋಡೆ ಗೋಡೆ ನೋಡಿದೆ.

ಬಂದಿದ್ದೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅವಳು ಮೂಗು ಸಿಂಡರಿಸಿ, “ಮೊದಲು ಕೈ ತೊಳ್ಕೊಳ್ಳಿ. ನಿಮ್ಮ ಎಣ್ಣೆ ವಾಸನೆ ಹುಳಕ್ಕೆ ಆಗಲ್ಲ” ಅಂದಳು. ಎಷ್ಟು ತೊಳೆದರೂ ಹೋಗಲಿಲ್ಲ. ಅಂಗಳದಲ್ಲೇ ಚಹಾ ಕುಡಿದು ಬಂದೆ.

ಮೇ 12. ಬೆಳಿಗ್ಗೆ.

ಹುಳು ಎದ್ದಿವೆ. ಹಿಪ್ಪುನೇರಳೆ ಎಲೆ ಹಾಕಿದ ಕೂಡಲೇ ಅವು ಮೆಲ್ಲುವ ಸದ್ದು, ಮಳೆ ಬಂದ ಹಾಗೆ. ಈ ಊರಿಗೆ ವರ್ಷದಲ್ಲಿ ನಾಲ್ಕು ಹನಿ ಬಿದ್ದರೆ ಹೆಚ್ಚು. ಅವಳ ಒಳಕೋಣೆಯಲ್ಲಿ ದಿನವೂ ಮಳೆ.

ಇನ್ನು ಎಂಟು ದಿನ ರಾಕ್ಷಸರ ಹಾಗೆ ತಿನ್ನುತ್ತವಂತೆ. ಎಲೆ ಕೊಯ್ಯಲು ಕೈ ಸಾಲದು. ಬರಬಹುದೇ ಅಂತ ಅವಳು ಕೇಳಲಿಲ್ಲ, ಒಂದು ಕುಡುಗೋಲು ಮತ್ತು ಗೋಣಿಚೀಲ ತಂದು ನನ್ನ ಮುಂದಿಟ್ಟಳು.

ಮರದ ಕೆಳಗೆ ಹೇಳಿಯೇಬಿಟ್ಟೆ. ಅಂದು ನಾನು ಬಂದಿದ್ದೆ, ಗಂಟೆ ತಪ್ಪಿತು, ನನ್ನ ಹನ್ನೆರಡು ನಿಲ್ದಾಣದ ಎರಡು. ಹದಿನೇಳು ವರ್ಷ ಮನಸ್ಸಿನಲ್ಲೇ ಹೇಳಿ ಹೇಳಿ ಸವೆದ ಮಾತು, ಒಂದೇ ಉಸಿರಿಗೆ ಮುಗಿಯಿತು. ಅವಳು ಕೊಂಬೆ ಬಗ್ಗಿಸಿ ಹಿಡಿದಿದ್ದಳು. ಬಿಡಲಿಲ್ಲ. “ಚೀಲ ತುಂಬ್ತು” ಅಂದಳು. ಹೊತ್ತುಕೊಂಡು ಹೋದಳು.

ಅಷ್ಟೇ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅಥವಾ ಕೋಣ ನಾನೋ... ಗೊತ್ತಿಲ್ಲ.

ಮೇ 18.

ಬರೆಯಲು ಆಗಿಲ್ಲ. ಬೆರಳೆಲ್ಲ ಹಿಪ್ಪುನೇರಳೆ ಹಾಲು, ಪುಸ್ತಕಕ್ಕೆ ಅಂಟುತ್ತವೆ. ಎಣ್ಣೆ ವಾಸನೆ ಹೋಗಿದೆ.

ಎಲೆ ಯಾವಾಗ ಹಾಕಬೇಕು ಅಂತ ಅವಳಿಗೆ ಹೇಗೆ ತಿಳಿಯುತ್ತದೆ — ನೋಡಿದೆ. ಅಂಗಳದಲ್ಲಿ ನಾನ್ ಮುರಿಯುತ್ತಲೋ ಬಟ್ಟೆ ಮಡಚುತ್ತಲೋ ಇರುತ್ತಾಳೆ. ಒಳಗಿನ ಮಳೆ ನಿಲ್ಲುತ್ತದೆ. ಏಳುತ್ತಾಳೆ. ಅಷ್ಟೇ. ನಿನ್ನೆ ನನಗೂ ಕೇಳಿಸಿತು. ಇಬ್ಬರೂ ಒಟ್ಟಿಗೆ ಎದ್ದೆವು. ಅವಳು ನಕ್ಕಳು. ಇಲ್ಲಿ ಬಂದ ಮೇಲೆ ಮೊದಲ ಸಲ.

ಮೆತ್‌ನಿಯಾಜನ ಹೆಂಡತಿ ಕಾಲುವೆ ಹತ್ತಿರ ಬೇಕೆಂದೇ ನನಗೆ ಕೇಳಿಸುವಂತೆ ಮಾತಾಡಿದಳು. ನಡುವೆ ಇನ್ನೊಂದು ಮದುವೆಯಾಗಿ ಆತನೂ ತೀರಿಹೋದ ಮೇಲೆ, ಹಳೆಯ ಗಂಡನಿಗೇ ಮತ್ತೆ ನಿಕಾ ಓದಲು ಯಾವ ಮುಲ್ಲಾನೂ ಅಡ್ಡಿ ಹೇಳುವಂತಿಲ್ಲವಂತೆ. ಕೂಸು ಹುಟ್ಟುವ ಮುಂಚೆ ಕುಲಾವಿ! ಆದರೂ ಮನೆಗೆ ಬಂದು ಗಡ್ಡ ಕತ್ತರಿಸಿಕೊಂಡೆ.

ಮೇ 20. ಸಂಜೆ.

ಹುಳು ಹಣ್ಣಾದವು. ಮೈ ಜೇನಿನ ಬಣ್ಣಕ್ಕೆ ತಿರುಗಿತು. ಒಣಕಡ್ಡಿಗಳ ಕಟ್ಟು ಇಟ್ಟೆವು. ಅದನ್ನೇರಿ ಗೂಡು ಕಟ್ಟತೊಡಗಿದವು. ಇನ್ನು ಎಲೆ ಬೇಡ. ಇದ್ದಕ್ಕಿದ್ದಂತೆ ಇಬ್ಬರಿಗೂ ಕೆಲಸವಿಲ್ಲ. ಚಪ್ಪರದ ಕೆಳಗೆ ಚಹಾ.

ವಾಚು ಕೊಟ್ಟೆ. ಕೆಟ್ಟಿರಲಿಲ್ಲ ಅಂದೆ.

“ಗೊತ್ತು.”

ಆಮೇಲೆ ಅವಳು ಹೇಳಿದ್ದು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

“ಅವತ್ತು ಯೆಂಗಿಸಾರಿನಲ್ಲಿ ಬಸ್ಸು ನಿಂತಿತ್ತು. ಮಧ್ಯಾಹ್ನದ ನಮಾಜ್ ಆಯ್ತಾ ಅಂತ ಚಹಾದವಳನ್ನ ಕೇಳ್ದೆ. ಅಯ್ಯೋ ಇನ್ನೂ ಬಹಳ ಹೊತ್ತಿದೆ ಅಂದ್ಲು. ಆಗ ಹೊಳೀತು. ನೀವು ಇನ್ನೂ ಮನೆಯಿಂದ ಹೊರಟೇ ಇಲ್ಲ. ನಿಮ್ಮ ಹನ್ನೆರಡಕ್ಕೆ ಬರ್ತೀರಿ. ಬಂದು ಸಂಜೆ ತನಕ ಕೂತಿರ್ತೀರಿ. ಎದುರಿಗೇ ಕಾಶ್ಗರಿಗೆ ಹೋಗೋ ಲಾರಿ ನಿಂತಿತ್ತು. ಹತ್ತಬಹುದಿತ್ತು.”

ನಾನು ಲೋಟ ಕೆಳಗಿಟ್ಟೆ.

“ಹತ್ತಿದ್ರೆ ನೀವು ಏನಂತಿದ್ರಿ, ಹೇಳ್ಲಾ? ನೋಡು, ನಿಲ್ದಾಣದ ಗಡಿಯಾರ ತಪ್ಪು, ನನ್ನದೇ ಸರಿ. ಅದೊಂದು ಮಾತು ಕೇಳಬೇಕಾಗುತ್ತೆ ಅಂತ ನಾನು ಹತ್ತಲಿಲ್ಲ. ಗಂಟೆ ತಪ್ಪಿ ಅಲ್ಲ. ಗೊತ್ತಿದ್ದೂ ಹತ್ತಲಿಲ್ಲ.”

ನಿಜ. ಅದನ್ನೇ ಅನ್ನುತ್ತಿದ್ದೆ. ಅಕ್ಷರಶಃ ಅದನ್ನೇ.

ಹದಿನೇಳು ವರ್ಷ ಎರಡು ಗಂಟೆಯ ಮೇಲೆ ತಪ್ಪು ಹೊರಿಸಿದ್ದೆ. ಪಾಪ, ಗಂಟೆಗಳೇನು ಮಾಡಿದ್ದವು. ಅಳು ಬಂತು. ಅತ್ತೆ. ಅವಳು ತಡೆಯಲಿಲ್ಲ, ಲೋಟಕ್ಕೆ ಚಹಾ ತುಂಬಿಸಿದಳು.

ನನ್ನ ಜೊತೆ ಕಾಶ್ಗರಿಗೆ ಬರುತ್ತೀಯಾ ಅಂತ ಕೇಳಿದೆ. ಏಕವಚನದಲ್ಲೇ.

ಚಹಾದ ಪಾತ್ರೆ ಮುಚ್ಚಿ ಹೇಳಿದಳು, “ಶನಿವಾರ ಹನ್ನೆರಡಕ್ಕೆ ಬಸ್ ನಿಲ್ದಾಣದಲ್ಲಿರಿ. ಗೂಡು ಬಿಡಿಸೋಕೆ ಮೆತ್‌ನಿಯಾಜನ ಮನೆಯವಳಿದ್ದಾಳೆ. ಬಂದ್ರೆ ಬಂದೆ.”

ಯಾವ ಹನ್ನೆರಡು ಅಂತ ಬಾಯಿ ತೆರೆದೆ. ಮುಚ್ಚಿದೆ.

ಮೇ 22, ಶನಿವಾರ. ನಮ್ಮ ಗಂಟೆ ಒಂಬತ್ತು, ಅವರ ಹನ್ನೊಂದು.

ನಿಲ್ದಾಣ. ಧೂಳು ಹಾಗೇ ನಿಂತಿದೆ. ಎರಡು ಟಿಕೆಟ್ ತೆಗೆದುಕೊಂಡೆ. ಕೂತಿದ್ದೇನೆ.

ನಮ್ಮ ಹತ್ತು, ಅವರ ಹನ್ನೆರಡು.

ಬಸ್ಸು ಹೊರಟಿತು. ಅವಳು ಬರಲಿಲ್ಲ. ಡ್ರೈವರ್ ಎರಡು ಸಲ ಹಾರನ್ ಹೊಡೆದ. ಅಜ್ಜ ಹತ್ತುತ್ತೀಯೋ ಇಲ್ಲವೋ ಅಂತ ಗದರಿಸಿದ. ಇಲ್ಲ ಅಂದೆ. ಟಿಕೆಟ್ ಕಿಸೆಯಲ್ಲೇ ಇವೆ.

ಆ ದಿನ ಅವಳು ಕೂತ ಹಾಗೆ ಇಂದು ನಾನು ಕೂತಿದ್ದೇನೆ. ಕಾಯುವವರಿಗೆ ಹೀಗಿರುತ್ತದೆ ಅನ್ನುವುದು ಈಗ ತಿಳಿಯಿತು.

ನಮ್ಮ ಹನ್ನೆರಡು, ಅವರ ಎರಡು.

ನಮಾಜಿನ ಕರೆ ಆಯಿತು. ಜನ ಎದ್ದು ಹೋದರು. ಬರಲಿಲ್ಲ.

ಎರಡೂ ಹನ್ನೆರಡು ಮುಗಿದವು. ಇನ್ನು ಮೂರನೆಯದು ಇಲ್ಲ. ಎದ್ದು ಹೋಗಬೇಕು. ಎದ್ದರೆ ಮತ್ತೆ ನನ್ನ ಗಂಟೆಯೇ ಸರಿ ಅಂದ ಹಾಗಾಗುತ್ತದೆ. ಎರಡೂ ವಾಚು ಬಿಚ್ಚಿದೆ. ಕರವಸ್ತ್ರದಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿದೆ. ಮಣಿಕಟ್ಟಿನಲ್ಲಿ ಎರಡು ಬಿಳಿ ಪಟ್ಟಿ. ಸಂಜೆ ತನಕ ಕೂರುವವನೇ ನಾನು, ಅವಳೇ ಹೇಳಿದ್ದಾಳೆ.

ಗಂಟೆ ಗೊತ್ತಿಲ್ಲ.

ನಿದ್ದೆ ಹತ್ತಿತ್ತು. ಮಳೆಯ ಸದ್ದು ಕೇಳುತ್ತಿತ್ತು, ಆಮೇಲೆ ನಿಂತಿತು. ನಿಂತದ್ದಕ್ಕೇ ಎಚ್ಚರ.

ಬೆಂಚಿನ ಮೇಲೆ ಯಾರೋ ಬಂದು ಕೂತಿದ್ದಾರೆ. ತಲೆ ಎತ್ತಿ ನೋಡಲು ಧೈರ್ಯ ಸಾಲದು, ಅದಕ್ಕೇ ಬರೆಯುತ್ತಿದ್ದೇನೆ. ಹಿಪ್ಪುನೇರಳೆ ಎಲೆಯ ವಾಸನೆ. ಅದನ್ನು ನಂಬುವಂತಿಲ್ಲ, ಈ ತಿಂಗಳು ಈ ಊರಿನಲ್ಲಿ ಎಲ್ಲರ ಮೈಯಲ್ಲೂ ಅದೇ. ಆದರೆ ಕಿವಿಯ ಪಕ್ಕದಲ್ಲಿ ಒಂದು ಸಣ್ಣ ಟಿಕ್ ಟಿಕ್. ಈ ಸದ್ದು ನಾನು 1979ರಲ್ಲಿ ನನ್ನ ಕೈಯಾರೆ—