ಕೆಂಪು ಪಟ್ಟೆಯ ಐದು ಹೆಬ್ಬಲಸು

ತಿರುವನಂತಪುರದಲ್ಲಿ ಕೂರುವ ಅರಣ್ಯ ತರಬೇತಿಯ ನಿರ್ದೇಶಕರಿಗೆ,

ಮಾನ್ಯರೇ, ಯಾವ ಮರ ಉಳಿಸಬೇಕೆಂದು ನಿಮ್ಮ ವಿದ್ಯಾರ್ಥಿಗಳಿಗೆ ಕಲಿಸಿದ ತೋಪಿನಲ್ಲಿ ಈಗ ಆ ಮರಗಳನ್ನೇ ಕಡಿಯುತ್ತಿದ್ದಾರೆ. ಒಂಬತ್ತು ಬಿದ್ದವು. ಐದು ನಿಂತಿವೆ.

ನಾನು ಆಲುವಾದ ಹತ್ತಿರ ನಿಮ್ಮ ಸಸಿತೋಟದಲ್ಲಿ ನೀರು ಹಾಕುವವಳು. ಊರು ಕಾಸರಗೋಡಿನ ಕಡೆ, ಓದಿದ್ದು ಐದನೆಯವರೆಗೆ. ನಾಲ್ಕು ಜನರೆದುರು ನನಗೆ ಮಾತು ಹೊರಡುವುದಿಲ್ಲ. ನೀವು ಕನ್ನಡ ಓದುತ್ತೀರೆಂದು ಕೇಳಿ, ಹೆದರುತ್ತಲೇ ಪತ್ರಿಕೆಗೆ ಬರೆಯುತ್ತಿದ್ದೇನೆ.

ಮಳೆಗಾಲಕ್ಕೆ ಮೊದಲು ನಿಮ್ಮ ತರಗತಿಯವರು ಸಸಿತೋಟದ ಪಕ್ಕದ ತೋಪಿಗೆ ಬಂದಿದ್ದರು. ಬೀಜಕ್ಕಾಗಿ ಬಿಡಬೇಕಾದ ಹದಿನಾಲ್ಕು ಹೆಬ್ಬಲಸಿನ ಮರ ಆರಿಸಿದರು. ಬಿಡುವ ಮರಕ್ಕೆ ಬಿಳಿ ಪಟ್ಟೆ, ಕಡಿಯುವುದಕ್ಕೆ ಕೆಂಪು. ಇದು ನನಗೂ ಗೊತ್ತು. ಪಟ್ಟೆ ಹಚ್ಚಲು ನನ್ನನ್ನು ಕರೆದರು; ಬಿಳಿ ಬಣ್ಣ ಮುಗಿದಿತ್ತು. ಪಾಠ ಮಾಡುವ ಶ್ರೀಪತಿ ಸಾರ್ ಮೈಸೂರಿನವರು, ನಕ್ಕರು: “ಪಾಠ ತಾನೇ ವೇದವತಿ, ಕೆಂಪೇ ಹಚ್ಚಿಬಿಡು. ಮರಕ್ಕೇನು ಗೊತ್ತಾಗುತ್ತೆ?”

ಆಮೇಲೆ ಉಜ್ಜಿ ತೆಗೆಯುವವರು ಯಾರೆಂದು ಕೇಳಬೇಕಿತ್ತು. ಕೇಳಲಿಲ್ಲ, ಹಚ್ಚಿದೆ. ಪಾಠ ಮುಗಿಯಿತು, ಬಸ್ಸು ಹೊರಟಿತು. ಕಡಿಯುವವರು ಬಂದಾಗ ಕೆಂಪು ನೋಡಿ ಗರಗಸ ಇಟ್ಟರು.

ಮೊನ್ನೆ ನಮ್ಮ ಮೇಲ್ವಿಚಾರಕ ಕಿಶೋರಣ್ಣ ಒಂದು ಇಂಗ್ಲಿಷ್ ಕಾಗದ ತಂದರು. ಅವರೂ ನಮ್ಮ ಕಡೆಯವರೇ, ಮಗಳೇ ಎನ್ನುವುದು ಮಾತ್ರ ಮಲಯಾಳದಲ್ಲಿ.

“ಮೋಳೇ, ಇಲ್ಲೊಂದು ಸೈನ್ ಹಾಕು.”

“ಎಂತ ಬರ್ದದ್ದುಂಟು ಕಿಶೋರಣ್ಣ?”

“ಕಡೀಲಿಕ್ಕೇಂತಲೇ ಪೈಂಟ್ ಹಾಕಿದ್ದು ಅಂತ. ಹಾಕಿದ್ದು ನೀನೇ ಅಲ್ವಾ? ಸುಳ್ಳು ಎಂತ ಉಂಟು ಅದ್ರಲ್ಲಿ?”

ಮಾನ್ಯರೇ, ಸುಸ್ಥಿರ ಅರಣ್ಯ ನಿರ್ವಹಣೆ ಎಂದು ಗೋಡೆ ತುಂಬ ಬರೆಸಿದ್ದೀರಿ. ಅಷ್ಟು ದೊಡ್ಡ ಪರೀಕ್ಷೆ ಪಾಸಾದವರ ನಡುವೆ ಐದನೇ ಕ್ಲಾಸಿನವಳ ಸಹಿ ನಿಮಗೇಕೆ ಬೇಕಾಯಿತು? ಹಾಕಿದರೆ ಉಳಿದ ಐದೂ ಕ್ರಮಬದ್ಧವಾಗಿ ಬೀಳುತ್ತವೆ. ಹಾಕದಿದ್ದರೆ ನನ್ನ ಕೆಲಸ ಹೋಗುತ್ತದೆ. ಗೇಟಿನಲ್ಲಿ ಜೀಪು ನಿಂತರೆ ಸಸಿಗಳ ಹಿಂದೆ ಕೂತುಬಿಡುತ್ತೇನೆ. ಆ ಸಸಿಗಳೂ ಅವೇ ಮರಗಳ ಬೀಜದವು. ಮುಂದಿನ ವರ್ಷ ಏನನ್ನು ಬಿತ್ತಿಸುತ್ತೀರಿ?

ಸೋಮವಾರ ಬೆಳಗ್ಗೆ ಗರಗಸದವರು ಮತ್ತೆ ಬರುತ್ತಾರೆ. ತಿರುವನಂತಪುರದಿಂದ ಇಲ್ಲಿಗೆ ರೈಲಿನಲ್ಲಿ ನಾಲ್ಕೈದು ಗಂಟೆಯಂತೆ; ಐದು ಮರಕ್ಕೆ ಅಷ್ಟು ಹೊತ್ತೂ ಬೇಡ. ಅದಕ್ಕೆ ಮೊದಲು ಫೋನಿನಲ್ಲಾದರೂ ನಿಲ್ಲಿಸಿ. ಅಂದಿನ ಪಾಠ ಏನೆಂದು ನಿಮ್ಮ ತರಗತಿ ಪುಸ್ತಕದಲ್ಲೇ ಬರೆದಿರುತ್ತದೆ, ತೆಗೆದು ನೋಡಿ.

ಇಂತಿ,
ಆ ಕಾಗದಕ್ಕೆ ಇನ್ನೂ ಹಾಕದ ಸಹಿಯನ್ನು ಇಲ್ಲಿ ಹಾಕಿರುವ
ವೇದವತಿ